ಉಮ್ಮನ ಚಿಪ್ಪಿನ ಹೊದಿಕೆ

ಚೊಚ್ಚಲ ಹೆರಿಗೆಗೆ ಮಗಳು ಮನೆಗೆ ಬರುತ್ತಾಳೆ ಎಂದಾಗ ನಾವು ಮೊದಲು ಹುಡುಕಿದ್ದು ಉಮ್ಮನ ಹಳೆಯ ಕ್ರೋಶಾ ಕಡ್ಡಿಯನ್ನು. ಕುಟುಂಬದಲ್ಲಿ ಯಾರಿಗೆ ಮಗು ಹುಟ್ಟಿದರೂ ಉಮ್ಮ ಒಂದು ಹೊದಿಕೆ ಹೆಣೆದು ಕೊಡುತ್ತಿದ್ದರು. ಈಗ ಅವರ ಕಣ್ಣು ಮಂಜಾಗಿದೆ. ನಾವೋ ಕಲಿತವರೇ ಅಲ್ಲ. ಈಗಲೂ ಕಲಿಯದಿದ್ದರೆ ಈ ಕೆಲಸ ಉಮ್ಮನೊಟ್ಟಿಗೇ ಮುಗಿದು ಹೋಗುತ್ತದೆ ಅಂತ ಅವರ ಪಕ್ಕದಲ್ಲೇ ಕೂತೆವು.

ಉಮ್ಮ ಹೆಣೆಯುತ್ತಿದ್ದುದು ಶೆಲ್ ಸ್ಟಿಚ್. ಮರುವಾಯಿ ಚಿಪ್ಪುಗಳನ್ನು ಸಾಲಾಗಿ ಜೋಡಿಸಿದ ಹಾಗೆ ಕಾಣುತ್ತದೆ. ದೊಡ್ಡ ತೂತುಗಳಿಲ್ಲ, ಹಾಗಾಗಿ ಮಗುವಿನ ಬೆರಳು ಸಿಕ್ಕಿಕೊಳ್ಳುವ ಹೆದರಿಕೆ ಕಡಿಮೆ. ನಮ್ಮ ಊರಿನ ಸೆಕೆಗೆ ಉಣ್ಣೆಗಿಂತ ಹತ್ತಿ ನೂಲು ಒಳ್ಳೆಯದು.

ಲೆಕ್ಕ ಸುಲಭ. ಎಷ್ಟು ಚಿಪ್ಪು ಬೇಕೋ ಅದನ್ನು 6ರಿಂದ ಗುಣಿಸಿ 2 ಸೇರಿಸಿ. 16 ಚಿಪ್ಪಿಗೆ 98 ಚೈನ್. ಮೊದಲು 14 ಚೈನ್ ಹಾಕಿ 2 ಚಿಪ್ಪು ಹೆಣೆದು ಅಳೆದುಕೊಂಡರೆ ಹೊದಿಕೆಯ ಅಗಲಕ್ಕೆ ಎಷ್ಟು ಚಿಪ್ಪು ಬೇಕೆಂದು ತಿಳಿಯುತ್ತದೆ.

ಮೊದಲ ಸಾಲು: ಕಡ್ಡಿಯಿಂದ ಎರಡನೇ ಚೈನ್‌ಗೆ 1 ಸಿಂಗಲ್. 2 ಚೈನ್ ಬಿಟ್ಟು ಮುಂದಿನ ಒಂದೇ ಚೈನ್‌ಗೆ 5 ಡಬಲ್. ಮತ್ತೆ 2 ಬಿಟ್ಟು 1 ಸಿಂಗಲ್. ಕೊನೆಯವರೆಗೆ ಹೀಗೆಯೇ. (ಬ್ರಿಟಿಷ್ ಪುಸ್ತಕ ನೋಡುವವರು ಗಮನಿಸಿ, ಅಲ್ಲಿ ಈ ಡಬಲ್‌ಗೆ ಟ್ರೆಬಲ್ ಎನ್ನುತ್ತಾರೆ.)

ಎರಡನೇ ಸಾಲು: 3 ಚೈನ್ ಹಾಕಿ ತಿರುಗಿಸಿ, ಮೊದಲ ಸಿಂಗಲ್‌ಗೇ 2 ಡಬಲ್. ಇದು ಅರ್ಧ ಚಿಪ್ಪು. ಮುಂದೆ ಪ್ರತಿ ಚಿಪ್ಪಿನ ನಡುವಿನ ಡಬಲ್ ಮೇಲೆ 1 ಸಿಂಗಲ್, ಪ್ರತಿ ಸಿಂಗಲ್ ಮೇಲೆ 5 ಡಬಲ್. ಕೊನೆಯ ಸಿಂಗಲ್‌ಗೆ ಮಾತ್ರ 3 ಡಬಲ್.

ಮೂರನೇ ಸಾಲು: 1 ಚೈನ್ ಹಾಕಿ ತಿರುಗಿಸಿ, ಮೊದಲ ಡಬಲ್ ಮೇಲೆ 1 ಸಿಂಗಲ್. ಮತ್ತೆ ಚಿಪ್ಪು, ಸಿಂಗಲ್, ಚಿಪ್ಪು. ಕೊನೆಯ ಸಿಂಗಲ್ ಹಿಂದಿನ ಸಾಲಿನ 3 ಚೈನ್‌ನ ತುದಿಗೆ. ಆಮೇಲೆ ಎರಡನೇ ಮತ್ತು ಮೂರನೇ ಸಾಲುಗಳನ್ನೇ ಹೆಣೆಯುತ್ತಾ ಹೋಗುವುದು.

ನಾವು ತಪ್ಪಿದ್ದು ಆ ಕೊನೆಯ ಸಿಂಗಲ್‌ನಲ್ಲಿ. ಒಂಬತ್ತನೇ ಸಾಲಿಗೆ ಬಂದಾಗ ಉಮ್ಮ ಅಂಚಿನ ಮೇಲೆ ಬೆರಳಾಡಿಸಿ, "ಈ ಬದಿ ಒಳಗೆ ಹೋಗ್ತಾ ಉಂಟು" ಎಂದರು. ಕಣ್ಣಿದ್ದ ನಮಗೆ ಕಂಡಿರಲಿಲ್ಲ. "ಮಗುವಿಗೆ ಏನು ಗೊತ್ತಾಗ್ತದೆ ಉಮ್ಮಾ" ಎಂದೆವು. "ಬಿಚ್ಚು. ನೂಲು ಎಲ್ಲಿಗೂ ಹೋಗುವುದಿಲ್ಲ" ಎಂದರು. ಎರಡು ಸಂಜೆಯ ಕೆಲಸ ಐದು ನಿಮಿಷದಲ್ಲಿ ಮತ್ತೆ ಉಂಡೆಯಾಯಿತು.

ಅಂದಿನಿಂದ ಪ್ರತಿ ಸಾಲು ಮುಗಿದಾಗ ಎಣಿಸುತ್ತೇವೆ: ಒಂದು ಸಾಲಿನಲ್ಲಿ 16 ಚಿಪ್ಪು, ಮರುಸಾಲಿನಲ್ಲಿ 15 ಚಿಪ್ಪು, ಎರಡು ತುದಿಗೆ ಎರಡು ಅರ್ಧ. ಈ ಲೆಕ್ಕ ತಪ್ಪದಿದ್ದರೆ ಅಂಚು ನೆಟ್ಟಗೆ ಬರುತ್ತದೆ.

ಒಂದು ಮಾತು ಮರೆಯಬಾರದು. ವರ್ಷ ತುಂಬದ ಮಗು ಮಲಗಿರುವಾಗ ಯಾವ ಸಡಿಲ ಹೊದಿಕೆಯನ್ನೂ ಹೊದಿಸಿ ಬಿಡಬಾರದು, ಮುಖ ಮುಚ್ಚಿ ಉಸಿರುಗಟ್ಟಬಹುದು. ಎಚ್ಚರವಿರುವಾಗ ಮಡಿಲಲ್ಲಿ ಹೊದಿಸಲು ಇದು ಚಂದ.

ಮೊನ್ನೆ ಹೊದಿಕೆ ಮುಗಿಯಿತು. ಉಮ್ಮ ಎರಡೂ ಅಂಚಿನ ಮೇಲೆ ನಿಧಾನವಾಗಿ ಬೆರಳಾಡಿಸಿದರು. ಏನೂ ಹೇಳಲಿಲ್ಲ. ಮಡಚಿ ಮಗಳ ಕೈಗೆ ಕೊಟ್ಟು, ಉಳಿದ ನೂಲನ್ನೂ ಕಡ್ಡಿಯನ್ನೂ ಅವಳ ಪಕ್ಕದಲ್ಲೇ ಇಟ್ಟರು.