ಸುತ್ತಿದರೂ ತಿರುಗದ ಹಾದಿ

ನಕ್ಷೆಯನ್ನು ಇನ್ನೊಮ್ಮೆ ನೋಡಿ. ಈ ರಸ್ತೆ ತನ್ನನ್ನು ತಾನೇ ದಾಟುತ್ತದೆ! ಜಪಾನಿನ ಮಿಯೆ ಪ್ರಾಂತ್ಯದ ಸುಝುಕಾ ಸರ್ಕ್ಯೂಟಿನಲ್ಲಿ ಕಾರುಗಳು ಸೇತುವೆಯೊಂದರ ಕೆಳಗೆ ನುಗ್ಗಿ ಮಾಯವಾಗುತ್ತವೆ, ಸ್ವಲ್ಪ ಹೊತ್ತಿಗೆಲ್ಲ ಅದೇ ಸೇತುವೆಯ ಮೇಲೆ ಹಾರಿಬರುತ್ತವೆ. ಬೈಕಿನ ಲೈಸೆನ್ಸಿಗೆಂದು ಆರ್‌ಟಿಒ ಮೈದಾನದಲ್ಲಿ ಕಾಲೂರದೆ ಹೊಡೆಯುತ್ತೇವಲ್ಲ ಎಂಟು, ಅದನ್ನೇ 5.807 ಕಿಲೋಮೀಟರಿಗೆ ಹಿಗ್ಗಿಸಿ ಗುಡ್ಡದ ಮೇಲೆ ಹಾಸಿದ ಹಾಗೆ.

ಈ ಎಂಟರೊಳಗೆ ಒಂದು ಲೆಕ್ಕ ಅಡಗಿ ಕೂತಿದೆ, ಅದು ಹೊಳೆದಾಗ ಮೈ ಜುಮ್ಮೆನ್ನುತ್ತದೆ. ಮಾಮೂಲಿ ಟ್ರ್ಯಾಕಿನಲ್ಲಿ ಪ್ರದಕ್ಷಿಣೆಯ ದಿಕ್ಕಿನಲ್ಲಿ ಓಡುವ ಕಾರು ನಡುವೆ ಎಷ್ಟು ಸಲ ಎಡಕ್ಕೆ ಹೊರಳಿದರೂ ಸರಿ, ಒಂದು ಸುತ್ತು ಮುಗಿಯುವಷ್ಟರಲ್ಲಿ ಒಟ್ಟಾರೆ 360 ಡಿಗ್ರಿ ಬಲಕ್ಕೆ ತಿರುಗಿರಲೇಬೇಕು. ಸುಝುಕಾದಲ್ಲಿ? ಸೊನ್ನೆ! ಪೂರ್ವದ ಕುಣಿಕೆ ಬಲಕ್ಕೆ ಸುತ್ತಿದ್ದನ್ನೆಲ್ಲ ಪಶ್ಚಿಮದ ಕುಣಿಕೆ ಎಡಕ್ಕೆ ಬಿಚ್ಚಿಬಿಡುತ್ತದೆ. ತಿರುವುಗಳು 18. ಬಲಕ್ಕೆ 10, ಎಡಕ್ಕೆ 8. ಎಣಿಕೆಯಲ್ಲಿ ಸಮವಿಲ್ಲ, ಆದರೆ ಕೋನಗಳನ್ನು ಕೂಡಿಕಳೆದರೆ ಏನೂ ಉಳಿಯುವುದಿಲ್ಲ. ಒಂದೇ ಬದಿಯ ಟೈರು ಸವೆದು ಸಾಯುವ ಕಾಟ ಇಲ್ಲಿ ಕಡಿಮೆ.

ಇಂಥದ್ದನ್ನು ಯೋಚಿಸಿದ್ದು ಯಾರು? ಟ್ರ್ಯಾಕು ಬೇಕೆಂದು ಹಟ ಹಿಡಿದವರು ಹೋಂಡಾ ಕಂಪನಿಯ ಸೊಯಿಚಿರೊ ಹೋಂಡಾ, ನಕ್ಷೆ ಬರೆದವರು ಹಾಲೆಂಡಿನ ಜಾನ್ ಹ್ಯೂಗೆನ್‌ಹೋಲ್ಟ್ಸ್. ಮೊದಲು ಕಣ್ಣು ಬಿದ್ದದ್ದು ಭತ್ತದ ಗದ್ದೆಗಳ ಮೇಲಂತೆ. ಅನ್ನ ಕೊಡುವ ನೆಲ ಕೆಡಿಸಬೇಡಿ, ಗುಡ್ಡಕ್ಕೆ ಹೋಗಿ ಎಂದರಂತೆ ಹೋಂಡಾ. ಹಾಗೆ ಗುಡ್ಡ ಹತ್ತಿದ್ದೇ ಈ ಹಾದಿಯ ಭಾಗ್ಯ. ಸಪಾಟು ನೆಲದಲ್ಲಿ ಈ ಏರಿಳಿತ ಎಲ್ಲಿಂದ ಬರಬೇಕಿತ್ತು? 1962ರಲ್ಲಿ ಎಲ್ಲ ಸಿದ್ಧ. (ಊರಿನ ಹೆಸರು ಸುಝುಕಾ. ಸುಝುಕಿ ಕಂಪನಿಗೂ ಇದಕ್ಕೂ ನಂಟಿಲ್ಲ.)

ಆದರೂ ಸುಝುಕಿ ಒಳಗೆ ಬಂದೇಬಿಟ್ಟಿತು, ಅದೂ ಬಿದ್ದು! ಎರ್ನ್ಸ್ಟ್ ಡೆಗ್ನರ್ ಎಂಬಾತ 1961ರಲ್ಲಿ ಪೂರ್ವ ಜರ್ಮನಿಯಿಂದ ತಪ್ಪಿಸಿಕೊಂಡು, ಟು-ಸ್ಟ್ರೋಕ್ ಎಂಜಿನ್ನಿನ ಗುಟ್ಟುಗಳ ಸಮೇತ ಸುಝುಕಿ ಸೇರಿದ ಸವಾರ. 1962ರ ನವೆಂಬರಿನಲ್ಲಿ, ಇಲ್ಲಿನ ಉದ್ಘಾಟನಾ ರೇಸಿನಲ್ಲೇ, ತಿರುವೊಂದರಲ್ಲಿ ಉರುಳಿದ. ಅಂದಿನಿಂದ ಅದು ಡೆಗ್ನರ್ ತಿರುವು. ಹೋಂಡಾ ಕಟ್ಟಿಸಿದ ಟ್ರ್ಯಾಕಿನಲ್ಲಿ ಎದುರಾಳಿ ಕಂಪನಿಯ ಸವಾರನ ಹೆಸರು! ಫಾರ್ಮುಲಾ ಒನ್ 1987ರಲ್ಲಿ ಸುಝುಕಾಕ್ಕೆ ಬರುವ ಹೊತ್ತಿಗೆ ಆ ಒಂದು ತಿರುವು ಎರಡಾಯಿತು. ಅದು ದಾಟಿದೊಡನೆಯೇ ಸೇತುವೆಯ ಕೆಳಗಿನ ನೆರಳು.

ಆದರೆ ನನ್ನನ್ನು ಕೇಳಿದರೆ ಜೀವ ಇರುವುದು ಅದಕ್ಕೂ ಮುಂಚಿನ ಎಸ್ ತಿರುವುಗಳಲ್ಲಿ. ಎಡ, ಬಲ, ಎಡ, ಬಲ, ಅದೂ ಏರುತ್ತ! ಮೊದಲನೆಯದರಲ್ಲಿ ಅರ್ಧ ಅಡಿ ತಪ್ಪಿದರೆ ಎರಡನೆಯದರಲ್ಲಿ ಅದು ಬೆಳೆಯುತ್ತದೆ, ಮೂರನೆಯದರಲ್ಲಿ ಸಾಲ ವಸೂಲಿಗೆ ನಿಲ್ಲುತ್ತದೆ. ಬ್ರೇಕಿನಿಂದ ತಿದ್ದಿಕೊಳ್ಳಲು ಪುರುಸೊತ್ತೇ ಇಲ್ಲ. 130ಆರ್ ಇನ್ನೊಂದು ಬಗೆಯ ಪರೀಕ್ಷೆ. 130 ಮೀಟರ್ ತ್ರಿಜ್ಯದ ಎಡ ತಿರುವು, ಹೆಸರೂ ಅದರಿಂದಲೇ. 2003ರಲ್ಲಿ ಅದನ್ನು ಸಡಿಲಿಸಿ ಎರಡು ತ್ರಿಜ್ಯಗಳ ತಿರುವಾಗಿಸಿದರು. ಈಗಿನ ಫಾರ್ಮುಲಾ ಒನ್ ಕಾರುಗಳು ಆಕ್ಸಿಲರೇಟರಿನಿಂದ ಕಾಲು ತೆಗೆಯದೆ ದಾಟುತ್ತವೆ. ಸುರಕ್ಷತೆಗಾಗಿ ಮಾಡಿದ್ದು, ಒಪ್ಪುತ್ತೇನೆ. ಆದರೂ ಹಳೆಯ 130ಆರ್ ನೆನೆದರೆ ಹೊಟ್ಟೆ ಉರಿಯುತ್ತದೆ. ಅದರ ಮುಂದಿನ ಅಂಕುಡೊಂಕಿನ ಚಿಕೇನ್‌ನಲ್ಲೇ 1989ರಲ್ಲಿ ಫಾರ್ಮುಲಾ ಒನ್ ಚಾಲಕರಾದ ಸೆನ್ನಾ ಮತ್ತು ಪ್ರೋಸ್ಟ್ ಡಿಕ್ಕಿ ಹೊಡೆದುಕೊಂಡದ್ದು. ಮರುವರ್ಷ ಮತ್ತೆ, ಮೊದಲ ತಿರುವಿನಲ್ಲಿ. ಎರಡೂ ಸಲ ಚಾಂಪಿಯನ್ ಪಟ್ಟ ಇತ್ಯರ್ಥವಾದದ್ದು ಆ ಡಿಕ್ಕಿಗಳಿಂದಲೇ.

ಇನ್ನು ಕೊನೆಯ ಚೋದ್ಯ. ನಡುವೆ ಅಡ್ಡರಸ್ತೆಗಳಿವೆ, ಹಾದಿಯನ್ನು ಎರಡಾಗಿ ಒಡೆಯಬಹುದು. ಪೂರ್ವದ್ದು 2.243 ಕಿಲೋಮೀಟರು, ಪಶ್ಚಿಮದ್ದು ಸುಮಾರು ಮೂರೂವರೆ. ಎಂಟನ್ನು ಕತ್ತರಿಸಿದರೆ ಎರಡು ಸೊನ್ನೆ ಬರಬೇಕು ತಾನೆ? ಇಲ್ಲ! ಅಡ್ಡರಸ್ತೆಗಳು ಇರುವುದು ಸೇತುವೆಯ ಬಳಿ ಅಲ್ಲ, ಪೂರ್ವದ ಕುಣಿಕೆಯ ನಡುವೆ. ಹಾಗಾಗಿ ಪೂರ್ವದ ತುಂಡು ಸಾದಾ ಉಂಗುರ, ಅಲ್ಲಿ ಕಾರು ಲೋಕದ ಉಳಿದೆಡೆಯಂತೆ ಪೂರ್ತಿ 360 ಡಿಗ್ರಿ ತಿರುಗುತ್ತದೆ. ಪಶ್ಚಿಮದ ತುಂಡು ಸೇತುವೆಯನ್ನು ತನ್ನಲ್ಲೇ ಇಟ್ಟುಕೊಂಡು ಈಗಲೂ ಎಂಟಾಗಿಯೇ ಇದೆ!