ಕಿವಿಯ ಓದು, ಬೆರಳಿನ ಓದು

ರೇಡಿಯೊ ಭಾಷಣವನ್ನು ಕಣ್ಣು ಮುಚ್ಚಿ ಕೇಳಿದರೂ ನಮಗೇನೂ ನಷ್ಟವಿಲ್ಲ. ಅದನ್ನೇ ತಪ್ಪಿಲ್ಲದೆ ಬರೆಯಿರಿ ಎಂದರೆ, ವಾಚಕರೇ, ನೀವು ಬರೆಯಬಲ್ಲಿರಿ. ಆ ಪದಗಳನ್ನೆಲ್ಲ ಎಂದೋ ಕಣ್ಣಾರೆ ಕಂಡವರು ನೀವು. ಕಾಣದೆಯೇ ಕಲಿತವರ ಪಾಡೇನು?

ಕಂಪ್ಲಿ ಕಡೆಯಿಂದ ಬಂದ, ದೃಷ್ಟಿಯಿಲ್ಲದ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದಾನೆ. ಪಾಠವನ್ನೆಲ್ಲ ಕಂಪ್ಯೂಟರಿನ ಬಾಯಿಂದಲೇ ಕೇಳಿ ಕಲಿತವನು; ಮಾತಿನಲ್ಲಿ ಬಲು ಚುರುಕು. ಆದರೆ ಅವನು ಟೈಪು ಮಾಡಿದ ಪ್ರಬಂಧದಲ್ಲಿ ಗದ್ದೆಯ ಬೆಳೆ ‘ಬೆಲೆ’ಯಾಗಿತ್ತು, ವಿದ್ಯಾರ್ಥಿ ‘ವಿದ್ಯಾರ್ತಿ’ಯಾಗಿದ್ದ. ಯಂತ್ರ ಆ ತಪ್ಪುಗಳನ್ನೂ ತಡವರಿಸದೆ ಓದಿ ಹೇಳಿತು. ಅವನ ಕಿವಿಗೆ ಎಲ್ಲವೂ ಸರಿಯಾಗಿಯೇ ಕೇಳಿಸಿತು. ಕೆಂಪು ಮಸಿ ಹಿಡಿಯಲು ನನಗೆ ಮನಸ್ಸಾಗಲಿಲ್ಲ.

ಬ್ರೈಲ್ ಲಿಪಿಯಲ್ಲಿ ಈ ಗೊಂದಲಕ್ಕೆ ಎಡೆ ಕಡಿಮೆ. ಆರು ಚುಕ್ಕೆಗಳ ಒಂದು ಮನೆಯಲ್ಲಿ 63 ಗುರುತುಗಳು ಮೂಡುತ್ತವೆ. 1951ರಲ್ಲಿ ಒಪ್ಪಿತವಾದ ಭಾರತಿ ಬ್ರೈಲಿನಲ್ಲಿ ಎಡಸಾಲಿನ ಮೂರು ಚುಕ್ಕೆಗಳು ಎದ್ದರೆ ಲ, ಬಲಸಾಲಿನ ಮೂರು ಎದ್ದರೆ ಳ. ಹೊಸಪೇಟೆಯಿಂದ ರೈಲು ಹಿಡಿದರೆ ಕೊಪ್ಪಳ ದಾಟಿ ಸಿಗುವ ಗದಗಿನಲ್ಲಿ, ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು (1914–2010) ಭಗವದ್ಗೀತೆಯನ್ನು ಬರೆದದ್ದು ಈ ಚುಕ್ಕೆಗಳಲ್ಲೇ.

ಚುಕ್ಕೆಗಳನ್ನು ಯಂತ್ರಕ್ಕೆ ಅಳವಡಿಸಿದ್ದು ಬ್ರೈಲ್ ನೋಟ್‌ಟೇಕರ್. ಆರು ಕೀಲಿಗಳಿಂದ ಬರೆಯುವುದು. ಬೆರಳಡಿಯಲ್ಲಿ ಪುಟ್ಟ ಮೊಳೆಗಳು ಎದ್ದು ಬಿದ್ದು ಸಾಲನ್ನು ಓದಿಸುತ್ತವೆ. ಒಂದೊಂದು ಮೊಳೆಗೂ ವಿದ್ಯುತ್ತು ಹರಿದಾಗ ಬಾಗುವ ಪಟ್ಟಿಯೊಂದು ಬೇಕು. ಅದರಿಂದಾಗಿ ಹಲವು ಮಾದರಿಗಳ ಬೆಲೆ ಲಕ್ಷ ದಾಟುತ್ತದೆ. ಓದಲು ಸಿಗುವುದಾದರೋ ಒಮ್ಮೆಗೆ 18 ಅಥವಾ 32 ಮನೆಗಳ ಒಂದೇ ಸಾಲು.

ಕಂಪ್ಯೂಟರಿಗೆ ಆ ಖರ್ಚಿಲ್ಲ. ಆಸ್ಟ್ರೇಲಿಯದ ಇಬ್ಬರು ಅಂಧ ಗೆಳೆಯರಾದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ 2006ರಲ್ಲಿ ಆರಂಭಿಸಿದ ‘ಎನ್‌ವಿಡಿಎ’ ತಂತ್ರಾಂಶ ಉಚಿತ. ಪರದೆಯ ಮೇಲಿನ ಕನ್ನಡವನ್ನೂ ಓದಿ ಹೇಳುತ್ತದೆ. ಬಾಣದ ಕೀಲಿ ಒತ್ತಿದರೆ ಒಂದೊಂದೇ ಅಕ್ಷರವನ್ನೂ ನುಡಿಯುತ್ತದೆ. ಇಡೀ ಪುಸ್ತಕವನ್ನು ಹಾಗೆ ಕೇಳುವ ತಾಳ್ಮೆ ಯಾರಿಗಿದೆ? ಯೂನಿಕೋಡ್ ಅಲ್ಲದ ಹಳೆಯ ಅಚ್ಚಿನಲ್ಲಿ ಟೈಪಾದ ಬರಹವಂತೂ ಅದಕ್ಕೆ ಅರ್ಥವಿಲ್ಲದ ಗಿಜಿಬಿಜಿ. ಪ್ರಶ್ನೆಪತ್ರಿಕೆ ಸಿದ್ಧಪಡಿಸುವ ನನ್ನ ವೃತ್ತಿಬಾಂಧವರು ಇದನ್ನಿಷ್ಟು ಗಮನಿಸಬೇಕು.

ನಮ್ಮಂಥ ಸಂಸಾರಗಳು ಕಂಪ್ಯೂಟರನ್ನೇ ಕೊಳ್ಳಲಿ. ಆದರೆ ಅದಕ್ಕೂ ಮೊದಲು ಮಗುವಿನ ಕೈಗೆ ಬ್ರೈಲ್ ಸ್ಲೇಟು, ಚುಚ್ಚುವ ಕಡ್ಡಿ ಬರಲಿ. ಅನುಕೂಲವಾದಾಗ ಕಂಪ್ಯೂಟರಿಗೆ ಮೊಳೆಸಾಲಿನ ಫಲಕವನ್ನು ಜೋಡಿಸಿಕೊಳ್ಳಬಹುದು.

ಆ ಹುಡುಗನಿಗೆ ಈಗ ಸ್ಲೇಟಿನ ಅಭ್ಯಾಸ ನಡೆದಿದೆ. ಬಲದಿಂದ ಎಡಕ್ಕೆ ಚುಚ್ಚಿ, ಹಾಳೆ ಮಗುಚಿ, ಎಡದಿಂದ ಓದಬೇಕು. ಮೊದಲ ವಾರ ಬೇಸರಪಟ್ಟ. ಮೊನ್ನೆ ಕಂಪ್ಯೂಟರಿನಲ್ಲಿ ‘ಹೊಳೆ’ ಎಂದು ಬರೆಯಹೊರಟವನು ಬೆರಳು ತಡೆದು ಕೇಳಿದ: “ಸಾರ್, ಇದು ಎಡಸಾಲಿಂದೋ, ಬಲಸಾಲಿಂದೋ?”