ಫಾನ್ ಡೆರ್ ಟಾನ್: ತೂಕದ ಲೆಕ್ಕದಲ್ಲಿ ರೂಪುಗೊಂಡ ಹಡಗು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿ ಹೊಸ ಹಡಗೊಂದನ್ನು ಕಟ್ಟಬೇಕೆಂದರೆ ಅದಕ್ಕೆ ಮೊದಲು ಕಾಯ್ದೆಯ ಪಟ್ಟಿಯಲ್ಲಿ ಜಾಗವಿರಬೇಕಿತ್ತು. 1898 ಮತ್ತು 1900ರ ನೌಕಾಪಡೆ ಕಾಯ್ದೆಗಳು ಯಾವ ಬಗೆಯ ಹಡಗುಗಳು ಎಷ್ಟಿರಬೇಕು, ಹಳೆಯದರ ಬದಲಿಗೆ ಹೊಸದು ಯಾವಾಗ ಬರಬೇಕು ಎಂಬುದನ್ನು ಮೊದಲೇ ಗೊತ್ತುಪಡಿಸಿದ್ದವು. ಆ ಪಟ್ಟಿಯಲ್ಲಿ ಸಾಲುಗಟ್ಟಿ ಕಾದಾಡುವ ಯುದ್ಧನೌಕೆಗಳಿದ್ದವು, ಅವುಗಳಿಗಿಂತ ವೇಗವಾಗಿ ಚಲಿಸಿ ಶತ್ರುವಿನ ಸುಳಿವು ಹುಡುಕುವ ‘ದೊಡ್ಡ ಕ್ರೂಸರ್’ಗಳೂ ಇದ್ದವು, ಆದರೆ ಯುದ್ಧನೌಕೆಯ ಫಿರಂಗಿಯನ್ನೂ ಕ್ರೂಸರಿನ ವೇಗವನ್ನೂ ಒಂದೇ ಒಡಲಲ್ಲಿ ಹೊತ್ತ, ಇಂದು ಬ್ಯಾಟಲ್‌ಕ್ರೂಸರ್ ಎಂದು ಕರೆಯಲಾಗುವ ಹಡಗಿಗೆ ಅಲ್ಲಿ ಪ್ರತ್ಯೇಕ ಹೆಸರೇ ಇರಲಿಲ್ಲ. ಹೀಗಾಗಿ ಜರ್ಮನಿಯ ಮೊದಲ ಬ್ಯಾಟಲ್‌ಕ್ರೂಸರ್ ಆದ ‘ಫಾನ್ ಡೆರ್ ಟಾನ್’ ಕಡತಗಳಲ್ಲಿ ದೊಡ್ಡ ಕ್ರೂಸರ್ ಎಂದೇ ಹುಟ್ಟಿತು.

ಅದರ ಹುಟ್ಟಿಗೆ ಒಂದು ತಪ್ಪು ಸುದ್ದಿಯೂ ಕಾರಣವಾಯಿತು. ಬ್ರಿಟನ್ ಗುಟ್ಟಾಗಿ ಕಟ್ಟುತ್ತಿದ್ದ ‘ಇನ್ವಿನ್ಸಿಬಲ್’ ವರ್ಗದ ಕ್ರೂಸರುಗಳು 23.4 ಸೆಂಟಿಮೀಟರ್ ಬಾಯಿಯಗಲದ ಫಿರಂಗಿಗಳನ್ನು ಹೊರಲಿವೆ ಎಂದು ನಂಬಿದ ಜರ್ಮನ್ ನೌಕಾಡಳಿತ, ಅದಕ್ಕೆ ಎದುರಾಗಿ 21 ಸೆಂಟಿಮೀಟರಿನ ಹನ್ನೆರಡು ಫಿರಂಗಿಗಳ ‘ಬ್ಲ್ಯೂಹರ್’ ಹಡಗಿಗೆ ಒಪ್ಪಿಗೆ ಕೊಟ್ಟಿತು. ತೀರ್ಮಾನವಾದ ಮೇಲೆ ತಿಳಿದ ನಿಜ ಬೇರೆಯೇ ಆಗಿತ್ತು: ಇನ್ವಿನ್ಸಿಬಲ್ ಮೇಲೆ ಯುದ್ಧನೌಕೆಗಳಲ್ಲಿ ಇರುವಂಥ 30.5 ಸೆಂಟಿಮೀಟರಿನ ಎಂಟು ಫಿರಂಗಿಗಳು ಕೂರಲಿದ್ದವು. ಬ್ಲ್ಯೂಹರನ್ನು ತಿದ್ದುವ ಕಾಲ ಆಗಲೇ ಕೈಮೀರಿತ್ತು. ಕಟ್ಟಿದವರ ಕೈಗುಣದಲ್ಲಿ ಕೊರತೆಯಿಲ್ಲದಿದ್ದರೂ ಹುಟ್ಟುವ ಮೊದಲೇ ಹಳತಾಗಿದ್ದ ಆ ಹಡಗು 1915ರ ಜನವರಿ 24ರಂದು ಡಾಗರ್ ಬ್ಯಾಂಕ್ ಕದನದಲ್ಲಿ ಮುಳುಗಿತು.

ಮುಂದಿನ ಹಡಗು ಹೇಗಿರಬೇಕೆಂಬ ಚರ್ಚೆ 1906ರಲ್ಲಿ ಬಿಸಿಯೇರಿತು. ನೌಕಾನಿರ್ಮಾಣ ವಿಭಾಗದ ಮುಖ್ಯಸ್ಥ ರುಡಾಲ್ಫ್ ಫಾನ್ ಐಕ್‌ಸ್ಟೆಟ್, ನೀರೊಳಗಿನ ರಕ್ಷಣಾಗೋಡೆಯ ಸ್ಫೋಟ ಪರೀಕ್ಷೆಗಳು ಇನ್ನೂ ಮುಗಿಯದಿರುವುದರಿಂದ ವಿನ್ಯಾಸವನ್ನು ಸ್ವಲ್ಪ ಕಾಲ ತಡೆಹಿಡಿಯಬೇಕೆಂದೂ, ಬ್ರಿಟನ್ನಿನ ಹೊಸ ಕ್ರೂಸರುಗಳ ತೆಳು ಕವಚವನ್ನು ಭೇದಿಸಲು 21 ಅಥವಾ 24 ಸೆಂಟಿಮೀಟರಿನ ಫಿರಂಗಿಯೇ ಸಾಕೆಂದೂ ವಾದಿಸಿದರು. ತಾಂತ್ರಿಕವಾಗಿ ಇದು ತಳ್ಳಿಹಾಕುವಂಥ ವಾದವಲ್ಲ. ಆದರೆ ನಿಜವಾದ ಪ್ರಶ್ನೆ ಫಿರಂಗಿಯ ಅಳತೆಗಿಂತ ಹೆಚ್ಚಾಗಿ ಹಡಗಿನ ಕೆಲಸಕ್ಕೆ ಸಂಬಂಧಿಸಿತ್ತು. ನೌಕಾಪಡೆಯ ಕಾರ್ಯದರ್ಶಿ ಆಲ್ಫ್ರೆಡ್ ಫಾನ್ ಟಿರ್ಪಿಟ್ಸ್ ಅವರಿಗೆ ಕ್ರೂಸರು ಕ್ರೂಸರಿನಂತೆಯೇ ಉಳಿಯಬೇಕಿತ್ತು; ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮನಿಗಾದರೋ ಅದು ಸುಳಿವು ಹುಡುಕುವ ಕೆಲಸ ಮುಗಿದ ಮೇಲೆ ಮುಖ್ಯ ಪಡೆಯ ಸಾಲಿಗೆ ಬಂದು ನಿಂತು ಯುದ್ಧನೌಕೆಗಳೊಂದಿಗೆ ಹೊಡೆದಾಡಬೇಕಿತ್ತು. ಬ್ರಿಟನ್ನಿಗಿಂತ ಕಡಿಮೆ ಹಡಗುಗಳಿದ್ದ ದೇಶಕ್ಕೆ ಒಂದೊಂದು ದೊಡ್ಡ ಹಡಗೂ ಎರಡೆರಡು ಕೆಲಸ ಮಾಡದೆ ಗತಿಯಿರಲಿಲ್ಲ. ಫಾನ್ ಡೆರ್ ಟಾನ್‌ನ ಪ್ರಸಿದ್ಧವಾದ ಕವಚದ ದಪ್ಪಕ್ಕೆ ಮೂಲ ಈ ಸಂಖ್ಯೆಯ ಕೊರತೆಯಲ್ಲಿದೆಯೇ ಹೊರತು ಜರ್ಮನ್ ತಂತ್ರಜ್ಞರಿಗೆ ಮಾತ್ರ ಸಿದ್ಧಿಸಿದ್ದ ಯಾವುದೋ ವಿಶೇಷ ಬುದ್ಧಿಯಲ್ಲಿ ಅಲ್ಲ. ಚಕ್ರವರ್ತಿ 1907ರ ಜೂನ್ 22ರಂದು ನಿರ್ಮಾಣಕ್ಕೆ ಒಪ್ಪಿಗೆ ಕೊಟ್ಟನು.

ಹಡಗಿನ ವಿನ್ಯಾಸವೆಂದರೆ ಕೊನೆಗೂ ತೂಕದ ಲೆಕ್ಕ. ತೇಲುವ ಹಡಗು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುವುದರಿಂದ ಅದರ ಗಾತ್ರವನ್ನು ಹೀಗೆ ಸರಿಸಿದ ನೀರಿನ ಟನ್ನುಗಳಲ್ಲಿ ಹೇಳುತ್ತಾರೆ; ಫಾನ್ ಡೆರ್ ಟಾನ್‌ಗೆ ವಿನ್ಯಾಸಕಾರರು ಗೊತ್ತುಪಡಿಸಿದ ಭಾರ 19,370 ಟನ್. ಫಿರಂಗಿ, ಕವಚ, ಯಂತ್ರ, ಕಲ್ಲಿದ್ದಲು, ಒಡಲಿನ ಉಕ್ಕು, ಎಲ್ಲವೂ ಇಷ್ಟರಲ್ಲೇ ಅಡಕವಾಗಬೇಕು. ಹಡಗಿನ ನಡುಭಾಗದಲ್ಲಿ ನೀರಿನ ಮಟ್ಟದ ಉದ್ದಕ್ಕೂ ಕಟ್ಟುವ ಉಕ್ಕಿನ ಪಟ್ಟಿಯೇ ಕವಚದ ಮುಖ್ಯ ಅಂಗ; ಅದು ಇನ್ವಿನ್ಸಿಬಲ್‌ನಲ್ಲಿ 152 ಮಿಲಿಮೀಟರ್ ದಪ್ಪವಿದ್ದರೆ ಇದರಲ್ಲಿ 250 ಮಿಲಿಮೀಟರ್ ಇತ್ತು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ 250 ಮಿಲಿಮೀಟರ್ ಉಕ್ಕಿನ ಫಲಕ ಹೆಚ್ಚುಕಡಿಮೆ ಎರಡು ಟನ್ ತೂಗುತ್ತದೆ, ಅಷ್ಟೇ ಅಗಲದ ಬ್ರಿಟಿಷ್ ಫಲಕ ಸುಮಾರು ಒಂದೂಕಾಲು ಟನ್ ತೂಗುತ್ತದೆ. ಪ್ರತಿ ಚದರ ಮೀಟರಿಗೆ ಹೆಚ್ಚಾಗಿ ತೆತ್ತ ಆ ಮುಕ್ಕಾಲು ಟನ್ನನ್ನು ಬೇರೆ ಎಲ್ಲಿಂದಲೋ ಉಳಿಸಲೇಬೇಕು. ಉಳಿತಾಯದ ಒಂದು ಪಾಲು ಫಿರಂಗಿಯಲ್ಲಿ ಸಿಕ್ಕಿತು. ‘ನಸಾವು’ ವರ್ಗದ ಯುದ್ಧನೌಕೆಗಳಿಗೆ ಆಗಲೇ ಆರಿಸಿದ್ದ 28 ಸೆಂಟಿಮೀಟರಿನ ಫಿರಂಗಿಯನ್ನೇ ಇಲ್ಲೂ ಎಂಟರಂತೆ ಇಟ್ಟರು. ಅದರ ಗುಂಡು 302 ಕಿಲೋ, ಬ್ರಿಟಿಷ್ ಗುಂಡು ಸುಮಾರು 386 ಕಿಲೋ. ಆದರೂ ಸೆಕೆಂಡಿಗೆ ಸುಮಾರು 850 ಮೀಟರ್ ವೇಗದಲ್ಲಿ ಹೊರಡುತ್ತಿದ್ದ ಈ ಗುಂಡಿಗೆ ತೆಳು ಕವಚವನ್ನು ಸೀಳುವ ಶಕ್ತಿ ಬೇಕಾದಷ್ಟಿತ್ತು.

ಎಂಟು ಫಿರಂಗಿಗಳು ಎರಡೆರಡರಂತೆ ನಾಲ್ಕು ಗೋಪುರಗಳಲ್ಲಿ, ಅಂದರೆ ತಿರುಗುವ ಉಕ್ಕಿನ ಮನೆಗಳಲ್ಲಿ, ಕೂತವು. ಒಂದು ಮುಂದೆ, ಒಂದು ಹಿಂದೆ. ಉಳಿದೆರಡನ್ನು ನಡುಭಾಗದ ಎಡಬಲಗಳಲ್ಲಿ ಎದುರುಬದುರಾಗಿ ಇಡದೆ ಹಿಂದುಮುಂದಾಗಿ ಓರೆಯಲ್ಲಿ ಇಟ್ಟರು. ಇದರಿಂದ ಎಡಗಡೆಯ ಗೋಪುರವೂ ಹಡಗಿನ ಮೇಲಿಂದ ಹಾಯಿಸಿ ಬಲಗಡೆಗೆ ಗುಂಡು ಹಾರಿಸಬಹುದಾಗಿತ್ತು, ಶತ್ರು ಯಾವ ಪಕ್ಕದಲ್ಲಿದ್ದರೂ ಎಂಟು ಫಿರಂಗಿಗಳೂ ಅವನತ್ತ ತಿರುಗಬಹುದಾಗಿತ್ತು. ಯಂತ್ರದ ವಿಷಯದಲ್ಲಿ ಜರ್ಮನ್ನರು ಹೊಸ ದಾರಿ ಹಿಡಿದರು: ಅವರ ದೊಡ್ಡ ಯುದ್ಧ ಹಡಗುಗಳಲ್ಲಿ ಹಬೆಯ ಟರ್ಬೈನ್ ಪಡೆದ ಮೊದಲನೆಯದು ಇದೇ. ಮೇಲೆ ಕೆಳಗೆ ಆಡುವ ಕೊಂತಗಳ ಬದಲು ಹಬೆಯ ರಭಸಕ್ಕೆ ಅಲಗುಗಳ ಚಕ್ರ ನೇರವಾಗಿ ಸುತ್ತುವ ಈ ಯಂತ್ರ ನಾಲ್ಕು ಪ್ರೊಪೆಲ್ಲರುಗಳನ್ನು ತಿರುಗಿಸಿತು. 24.8 ನಾಟ್ ವೇಗ ನಿರೀಕ್ಷಿಸಿದ್ದ ಹಡಗು ಪರೀಕ್ಷೆಯಲ್ಲಿ 27.4 ನಾಟ್, ಅಂದರೆ ಗಂಟೆಗೆ ಸುಮಾರು 51 ಕಿಲೋಮೀಟರ್, ಮುಟ್ಟಿತು.

ಎಲ್ಲ ಆಲೋಚನೆಗಳೂ ಫಲಿಸಲಿಲ್ಲ. ಚಕ್ರವರ್ತಿ ಬಯಸಿದ್ದ ಜಾಲರಿ ಕಂಬಗಳ ಬದಲು ಸಾಧಾರಣ ಕಂಬಗಳೇ ಬಂದವು. ಅಧಿಕಾರಿಗಳ ಕೋಣೆಗಳನ್ನು ಹಿಂಭಾಗದಿಂದ ಮುಂಭಾಗಕ್ಕೆ ತಂದ ಪ್ರಯೋಗ ಹಿತವೆನಿಸದೆ ಮುಂದಿನ ಹಡಗುಗಳಲ್ಲಿ ಕೈಬಿಟ್ಟುಹೋಯಿತು. ಹೊಯ್ದಾಟ ತಗ್ಗಿಸಲು ಒಡಲೊಳಗೆ ಕೂರಿಸಿದ ನೀರಿನ ತೊಟ್ಟಿಗಳು ಸಾಲದೆಂದು ಒಡಲಿನ ಹೊರಗೆ ರೆಕ್ಕೆಯಂಥ ಪಟ್ಟಿಗಳನ್ನು ಜೋಡಿಸಿದ ಮೇಲೆ ಆ ತೊಟ್ಟಿಗಳು ಇಂಧನ ತುಂಬುವ ಜಾಗವಾದವು. ಹ್ಯಾಂಬರ್ಗಿನ ಬ್ಲೋಮ್ ಉಂಡ್ ಫಾಸ್ ಕಟ್ಟೆಯಲ್ಲಿ 1908ರ ಮಾರ್ಚಿನಲ್ಲಿ ಅಡಿಗಟ್ಟು ಹಾಕಿದ ಹಡಗು ಮರುವರ್ಷದ ಮಾರ್ಚಿನಲ್ಲಿ ನೀರಿಗಿಳಿದು, 1910ರ ಸೆಪ್ಟೆಂಬರ್ 1ರಂದು ಸೇವೆಗೆ ಸೇರಿತು. ಖರ್ಚು ಮೂರೂವರೆ ಕೋಟಿ ಚಿನ್ನದ ಮಾರ್ಕುಗಳನ್ನು ದಾಟಿತ್ತು.

ವಿನ್ಯಾಸದ ಲೆಕ್ಕ ಸರಿಯೇ ತಪ್ಪೇ ಎಂಬುದು 1916ರ ಮೇ 31ರಂದು ಉತ್ತರ ಸಮುದ್ರದ ಜಟ್‌ಲೆಂಡ್ ಕದನದಲ್ಲಿ ಗೊತ್ತಾಯಿತು. ಇನ್ವಿನ್ಸಿಬಲ್‌ನ ಜಾಡಿನಲ್ಲೇ ಕಟ್ಟಿದ್ದ ‘ಇನ್‌ಡಿಫ್ಯಾಟಿಗಬಲ್’ ಫಾನ್ ಡೆರ್ ಟಾನ್‌ಗೆ ಎದುರಾಳಿಯಾಗಿ ಸಿಕ್ಕಿತು; ಕಾಲು ಗಂಟೆಯ ಒಳಗೆ ಅದರ ಮದ್ದಿನ ಕೋಣೆಗಳು ಸಿಡಿದು, ಸಾವಿರಕ್ಕೂ ಹೆಚ್ಚು ಮಂದಿಯೊಂದಿಗೆ ಅದು ಮುಳುಗಿತು. ಇದಕ್ಕೆ ಕವಚದ ತೆಳುವೊಂದೇ ಕಾರಣವೆನ್ನುವುದು ಅರೆಸತ್ಯ. ಬ್ರಿಟಿಷ್ ಮದ್ದು ಬೆಂಕಿ ತಗುಲಿದೊಡನೆ ಸಿಡಿಯುವಂಥದ್ದಾಗಿತ್ತು, ಜರ್ಮನ್ನರು ಮುಖ್ಯ ಮದ್ದನ್ನು ಹಿತ್ತಾಳೆಯ ತೋಟಾಗಳಲ್ಲಿ ತುಂಬುತ್ತಿದ್ದುದರಿಂದ ಅದು ಉರಿದರೂ ಹಾಗೆ ಸಿಡಿಯುತ್ತಿರಲಿಲ್ಲ. ಫಾನ್ ಡೆರ್ ಟಾನ್‌ಗೂ ಅಂದು ನಾಲ್ಕು ಭಾರಿ ಗುಂಡುಗಳು ಬಡಿದವು. ಒಂದು ಹಿಂಭಾಗದಲ್ಲಿ ನೀರು ನುಗ್ಗಿಸಿತು, ಇನ್ನೆರಡು ಮುಂದಿನ ಮತ್ತು ಹಿಂದಿನ ಗೋಪುರಗಳನ್ನು ನಿಲ್ಲಿಸಿದವು. ಪಕ್ಕದ ಗೋಪುರಗಳ ಫಿರಂಗಿಗಳು ಹಾರಿಸಿ ಹಾರಿಸಿ ಕಾದು, ಹಿಂದಕ್ಕೆ ಜಿಗಿದ ಮೇಲೆ ಮತ್ತೆ ಸ್ವಸ್ಥಾನಕ್ಕೆ ಮರಳದಾದವು. ಸಂಜೆಯ ಹೊತ್ತಿಗೆ ಹಾರಿಸಬಲ್ಲ ದೊಡ್ಡ ಫಿರಂಗಿ ಒಂದೂ ಉಳಿಯದಿದ್ದಾಗಲೂ ಹಡಗು ಸಾಲು ಬಿಟ್ಟು ಸರಿಯಲಿಲ್ಲ. ತಾನು ಅಲ್ಲಿದ್ದಷ್ಟು ಹೊತ್ತೂ ಬ್ರಿಟಿಷ್ ಗುಂಡುಗಳಲ್ಲಿ ಒಂದು ಪಾಲು ತನ್ನ ಮೇಲೆ ಬಿದ್ದು ಜೊತೆಯ ಹಡಗುಗಳ ಭಾರ ಹಗುರಾಗುತ್ತದೆಂಬ ಲೆಕ್ಕದಲ್ಲಿ, ಗೋಪುರಗಳ ದುರಸ್ತಿ ಒಳಗೆ ನಡೆಯುತ್ತಿದ್ದಂತೆಯೇ, ಅದು ತನ್ನ ಜಾಗದಲ್ಲಿ ಮುಂದೆ ಸಾಗುತ್ತಲೇ ಇತ್ತು.